ಎರಡನೆಯ ಕುರ್ಚಿ

(ನಮ್ಮ ಮಹಿಳಾ ವಿಭಾಗದ ‘ನನ್ನ ಗುರು’ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ಕಾರ್ಯದರ್ಶಿ ಅಕ್ಕ ಫೋನ್ ಮಾಡಿ, “ನೀನು ಎಂ.ಟೆಕ್. ಓದಿದವಳು, ನಿನ್ನ ಪ್ರೊಫೆಸರ್ ಯಾರಾದರೂ ಇರ್ತಾರಲ್ಲ, ಅವರ ಬಗ್ಗೆ ಹದಿನೈದು ನಿಮಿಷ ಮಾತಾಡು” ಎಂದರು. ಆಗಲಿ ಅಕ್ಕ ಎಂದೆ. ಆಮೇಲೆ ಕೂತು ಯೋಚಿಸಿದರೆ ಪ್ರೊಫೆಸರರ ಬಗ್ಗೆ ನನ್ನ ಹತ್ತಿರ ಇದ್ದದ್ದು ಎರಡು ನಿಮಿಷದ ಮಾತು. ಒಳ್ಳೆಯವರು, ಕಲಿಸಿದರು, ಮಾರ್ಕು ಕೊಟ್ಟರು. ಉಳಿದ ಹದಿಮೂರು ನಿಮಿಷಕ್ಕೆ ನನಗೆ ನೆನಪಾದವರು ಕಾಲೇಜಿನವರೂ ಅಲ್ಲ, ಕನ್ನಡದವರೂ ಅಲ್ಲ. ಠಾಣೆಯ ತಲಾವ್‌ಪಾಳಿಯ ಹತ್ತಿರ ಹಳೆಯ ಹೆಂಚಿನ ಮನೆಯೊಂದರಲ್ಲಿ ಇದ್ದ ಒಬ್ಬ ಕ್ರಿಶ್ಚಿಯನ್ ಹಿರಿಯರು. ನಮ್ಮ ಹವ್ಯಾಸಿ ಸ್ವಿಂಗ್ ಬ್ಯಾಂಡಿನ ಲೀಡರ್. ಹದಿನಾರು ಜನರ ಬ್ಯಾಂಡಿನಲ್ಲಿ ಎಲ್ಲರಿಗೂ ಅವರು ಅಂಕಲ್. ಇವತ್ತೂ ಅಂಕಲ್ ಎಂದೇ ಹೇಳುತ್ತೇನೆ.

ನಾನು ಸ್ಯಾಕ್ಸೋಫೋನ್ ನುಡಿಸುತ್ತೇನೆ ಎಂದರೆ ನಮ್ಮ ಸಂಘದಲ್ಲಿ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ “ಯಾವ ಮದುವೆಗೆ?” ಎಂದು ಕೇಳುತ್ತಾರೆ. ಅವರ ತಪ್ಪೇನಿಲ್ಲ. ನಮ್ಮದು ಉಡುಪಿ ಕಡೆ. ಅಲ್ಲಿ ಸ್ಯಾಕ್ಸೋಫೋನ್ ಎಂದರೆ ಮದುವೆಯ ವಾಲಗ, ದೇವಸ್ಥಾನದ ಉತ್ಸವ. ಮೊದಲ ಬೋನಸ್ಸಿನಲ್ಲಿ ಸೆಕೆಂಡ್ ಹ್ಯಾಂಡ್ ಆಲ್ಟೋ ಸ್ಯಾಕ್ಸೋಫೋನ್ ಒಂದನ್ನು ಮನೆಗೆ ತಂದ ದಿನ ಅಮ್ಮ ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಎಂತ ಇದು? ಹೆಣ್ಣುಮಕ್ಕಳು ಊದುವುದಾ? ನಾಳೆ ಮದುವೆ ಹಾಲಿನಲ್ಲಿ ವಾಲಗಕ್ಕೆ ಕೂರುತ್ತೀಯಾ?” ಎಂದಿದ್ದರು.

ಡೊಂಬಿವಲಿಯ ಫ್ಲಾಟಿನಲ್ಲಿ ಇದನ್ನು ಅಭ್ಯಾಸ ಮಾಡುವುದೂ ಒಂದು ಕಥೆ. ಬಾಯಿಗೆ ಟವೆಲ್ ತುರುಕಿದರೆ ಸದ್ದು ಅಡಗುತ್ತದೆ ಎಂದುಕೊಂಡಿದ್ದೆ. ತುತ್ತೂರಿಗಾದರೆ ಸರಿ. ಸ್ಯಾಕ್ಸೋಫೋನಿನ ಸದ್ದು ಬಾಯಿಂದ ಮಾತ್ರವಲ್ಲ, ಕೊಳವೆಯುದ್ದಕ್ಕೂ ತೆರೆದ ತೂತುಗಳಿಂದಲೂ ಹೊರಬರುತ್ತದೆ. ಸೊಸೈಟಿಯಿಂದ ಎರಡು ದೂರು ಬಂದ ಮೇಲೆ ನಾನು ಗೋದ್ರೆಜ್ ಕಪಾಟಿನ ಬಾಗಿಲು ತೆರೆದು, ಅಮ್ಮನ ರೇಷ್ಮೆ ಸೀರೆಗಳ ನಡುವೆ ತಲೆ ತೂರಿಸಿ ಊದುತ್ತಿದ್ದೆ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಎಂ.ಟೆಕ್. ಓದಿದ್ದು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ನನಗೆ ಈ ಹುಚ್ಚು ಹತ್ತಿದ್ದೂ ಎಂ.ಟೆಕ್.ನಲ್ಲೇ. ನನ್ನ ಪ್ರಾಜೆಕ್ಟ್ ಸಿಗ್ನಲ್ ಪ್ರೊಸೆಸಿಂಗ್. ಹಾಡುವ, ನುಡಿಸುವ ಧ್ವನಿಯಲ್ಲಿ ಶ್ರುತಿ ಯಾವ ಕ್ಷಣ ಎಲ್ಲಿದೆ ಎಂದು ಕಂಪ್ಯೂಟರಿನಿಂದ ಗುರುತಿಸುವುದು. ಹಾರ್ಮೋನಿಯಂ ಕೊಟ್ಟರೆ ತೆರೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆ. ಸ್ಯಾಕ್ಸೋಫೋನ್ ಕೊಟ್ಟರೆ ಗೆರೆ ಮನುಷ್ಯನ ದನಿಯ ಹಾಗೆ ಬಾಗುತ್ತಿತ್ತು. ರೀಡನ್ನು ಹಿಡಿದ ತುಟಿ ಒಂದಿಷ್ಟು ಸಡಿಲವಾದರೆ ಸ್ವರ ಕೆಳಗೆ ಜಾರುತ್ತದೆ. ಆ ಬಾಗಿದ ಗೆರೆ ನೋಡಿ ನೋಡಿ, ನುಡಿಸಿಯೇ ನೋಡಬೇಕು ಅನ್ನಿಸಿತು.

2016ರಲ್ಲಿ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋಗಿ ಅಂಕಲ್ ಮುಂದೆ ನಿಲ್ಲಿಸಿದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಭ್ಯಾಸ. ಬ್ಯಾಂಕಿನವರು, ರೈಲ್ವೆಯವರು, ಒಬ್ಬ ಹಲ್ಲಿನ ಡಾಕ್ಟರ್, ಐಟಿಯವರು ನಾಲ್ಕು ಜನ. ಊದುವವರಲ್ಲಿ ಹೆಂಗಸು ನಾನೊಬ್ಬಳೇ. ನಾನು ಎರಡು ಪುಟ ನುಡಿಸಿ ಮುಗಿಸಿದೆ. ಒಂದೂ ತಪ್ಪಿರಲಿಲ್ಲ. ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡು, “ಚೈಲ್ಡ್, ನೀನು ಕಾಗದವನ್ನು ಚೆನ್ನಾಗಿ ಓದಿದೆ. ಈಗ ಸಂಗೀತ ನುಡಿಸು” ಎಂದರು. ಅವರ ಮಾತು ಇಂಗ್ಲಿಷು, ಮರಾಠಿ, ಹಿಂದಿ ಮೂರೂ ಕಲಸಿದ್ದು. ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ನನ್ನನ್ನು ಕೂರಿಸಿದ್ದು ಎರಡನೆಯ ಆಲ್ಟೋ ಕುರ್ಚಿಯಲ್ಲಿ. ಸ್ವಿಂಗ್ ಬ್ಯಾಂಡಿನ ಮುಂದಿನ ಸಾಲಿನಲ್ಲಿ ಸಾಮಾನ್ಯವಾಗಿ ಐದು ಸ್ಯಾಕ್ಸೋಫೋನ್ ಇರುತ್ತವೆ: ಎರಡು ಆಲ್ಟೋ, ಎರಡು ಟೆನರ್, ಒಂದು ಬ್ಯಾರಿಟೋನ್. ಮೊದಲ ಆಲ್ಟೋ ಮುಂದಾಳು. ರಾಗದ ಎಳೆ ಅವರದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಸ್ವರ ಎಲ್ಲಿ ಕತ್ತರಿಸಬೇಕು ಎನ್ನುವುದೂ ಅವರದೇ ತೀರ್ಮಾನ. ಉಳಿದ ನಾಲ್ವರು ಅವರ ಉಸಿರಿಗೆ ಉಸಿರು ಸೇರಿಸಬೇಕು. ಆ ಮೊದಲ ಕುರ್ಚಿ ಅಂಕಲ್‌ದೇ. ಅಂದರೆ ಐದು ವರ್ಷ ನಾನು ಅವರ ಎಡಗೈ ಪಕ್ಕ ಕೂತಿದ್ದೆ. ಎರಡನೆಯ ಆಲ್ಟೋದವರಿಗೆ ಕೇಳುಗರ ಚಪ್ಪಾಳೆ ಇಲ್ಲ. ಅವರು ನುಡಿಸುವುದು ಬಿಟ್ಟರೆ ಮಾತ್ರ ಏನೋ ಕಡಿಮೆಯಾಯಿತು ಎಂದು ಗೊತ್ತಾಗುತ್ತದೆ. ಈ ಮಾತು ಇಲ್ಲಿ ಕೂತಿರುವ ಅಕ್ಕಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಿಂಗ್ ಎಂದರೇನು ಎಂದು ಬಹಳ ಜನ ಕೇಳುತ್ತಾರೆ. ಕಾಗದದ ಮೇಲೆ ಒಂದು ತಾಳಕ್ಕೆ ಎರಡು ಸಮಾನ ಸ್ವರಗಳನ್ನು ಬರೆದಿರುತ್ತಾರೆ. ನುಡಿಸುವಾಗ ಅವು ಸಮ ಇರುವುದಿಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಎಷ್ಟು ಉದ್ದ, ಎಷ್ಟು ಗಿಡ್ಡ? ನಾನು ಎಂಜಿನಿಯರ್ ಅಲ್ಲವೇ, ಅಂಕಲ್ ನುಡಿಸಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಳೆದೆ. ನಿಧಾನದ ಹಾಡಿನಲ್ಲಿ ಎರಡಕ್ಕೆ ಒಂದರಷ್ಟು, ಕೆಲವು ಕಡೆ ಅದಕ್ಕೂ ಹೆಚ್ಚು. ವೇಗ ಹೆಚ್ಚಿದಂತೆ ವ್ಯತ್ಯಾಸ ಕಡಿಮೆಯಾಗಿ ಸಮಕ್ಕೆ ಹತ್ತಿರ ಬರುತ್ತದೆ. ಗ್ರಾಫ್ ಮಾಡಿ ತೋರಿಸಿದಾಗ ಅಂಕಲ್ ಬಹಳ ಗೌರವದಿಂದ ನೋಡಿದರು. ಆಮೇಲೆ ಕೇಳಿದರು: “ನೀನು ದಿನಾ ಲೋಕಲಿನಲ್ಲಿ ಬರುತ್ತೀಯಲ್ಲ, ಹಳಿಯ ಸದ್ದು ಕೇಳಿದ್ದೀಯಾ?” ಮರುದಿನ ಲೋಕಲಿನಲ್ಲಿ ಹೋಗುವಾಗ ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನ್ ತೆಗೆದೆ. ಅಷ್ಟು ವರ್ಷ ಕಾಲಡಿಯಲ್ಲೇ ಇತ್ತು.

ಅಂಕಲ್ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಸಂಜೆ, ರಾತ್ರಿ ಬ್ಯಾಂಡ್. ತನ್ನ ಬಗ್ಗೆ ಹೇಳೆಂದರೆ ತನಗಿಂತ ಹಿಂದಿನವರ ಬಗ್ಗೆ ಹೇಳುತ್ತಿದ್ದರು. ತಾಜ್ ಹೋಟೆಲಿಗೆ 1935ರಲ್ಲಿ ಲಿಯಾನ್ ಅಬ್ಬೀ ಎಂಬ ಕಪ್ಪು ಅಮೆರಿಕನ್ ಸಂಗೀತಗಾರ ತನ್ನ ಬ್ಯಾಂಡ್ ಕಟ್ಟಿಕೊಂಡು ಬಂದದ್ದು, ಅವರ ಹಿಂದೆ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫರ್ಡ್ ಬಂದದ್ದು, ಅವರಿಂದ ಗೋವಾದ ಹುಡುಗರು ಕಲಿತದ್ದು. ಮಿಕ್ಕಿ ಕೊರೆಯಾ ಎರಡು ದಶಕ ತಾಜ್‌ನಲ್ಲಿ ಬ್ಯಾಂಡ್ ನಡೆಸಿದ್ದು. ಚಿಕ್ ಚಾಕೊಲೇಟ್ ಎಂದು ಹೆಸರಾದ ಆಂಟೋನಿಯೊ ಝೇವಿಯರ್ ವಾಝ್ ತುತ್ತೂರಿ ಹಿಡಿದರೆ ಲೂಯಿ ಆರ್ಮ್‌ಸ್ಟ್ರಾಂಗ್ ನೆನಪಾಗುತ್ತಿದ್ದುದು. 1951ರ ‘ಅಲ್ಬೇಲಾ’ ಚಿತ್ರದ ‘ಶೋಲಾ ಜೋ ಭಡಕೆ’ ಹಾಡು ನಮ್ಮಲ್ಲಿ ಹಿರಿಯರಿಗೆಲ್ಲ ಗೊತ್ತು. ಭಗವಾನ್ ದಾದಾ, ಗೀತಾ ಬಾಲಿ ಕುಣಿಯುವಾಗ ಹಿಂದೆ ಜಾಲರಿ ತೋಳಿನ ಅಂಗಿ ತೊಟ್ಟು ನುಡಿಸುವವರು ಚಿಕ್ ಮತ್ತು ಅವರ ಬ್ಯಾಂಡಿನವರೇ. ಸಿ. ರಾಮಚಂದ್ರರ ಹಾಡುಗಳಿಗೆ ಅವರು ಸಹಾಯಕರಾಗಿದ್ದರು. ನಾವೆಲ್ಲ ಬರೀ ಕುಣಿಯುವವರನ್ನು ನೋಡಿದ್ದೇವೆ. ಅಂಕಲ್ ಹುಡುಗನಾಗಿದ್ದಾಗ ಆ ಚಿತ್ರ ನೋಡಿದ್ದು ಹಿಂದಿನವರಿಗಾಗಿ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಬ್ಯಾಂಡಿಗೆ ಸೇರಿ ಕೆಲವು ತಿಂಗಳಾಗಿತ್ತು. ಒಂದು ಭಾನುವಾರ ಚಹಾದ ಹೊತ್ತಿಗೆ ಅಂಕಲ್ ಕೇಳಿದರು, “ನೀನು ಮಂಗಳೂರು ಕಡೆಯವಳಲ್ಲವೇ? ಗೋಪಾಲನಾಥರನ್ನು ಎಷ್ಟು ಸಲ ಎದುರು ಕೂತು ಕೇಳಿದ್ದೀಯಾ?”

ಒಂದು ಸಲವೂ ಇಲ್ಲ. ಕದ್ರಿ ಗೋಪಾಲನಾಥರ ಕ್ಯಾಸೆಟ್ ಕೇಳದೆ ಬೆಳೆದ ಕರಾವಳಿಯವರು ಯಾರಿದ್ದಾರೆ? ಅಪ್ಪ ಕ್ಯಾಶಿಯರ್ ಆಗಿದ್ದ ಹೋಟೆಲಿನಲ್ಲಿ ಬೆಳಿಗ್ಗೆ ಊದಿನಕಡ್ಡಿಯ ಜೊತೆ ಅದೇ ಕ್ಯಾಸೆಟ್. ಮದುವೆಗಳಲ್ಲಿ ಊಟದ ಹೊತ್ತಿಗೆ ಅದೇ. ಪಾಯಸ ಬಡಿಸುವವರ ಕೂಗಿನ ಹಿಂದೆ ಆ ವಾದ್ಯ ಅಳುತ್ತಿತ್ತೋ ನಗುತ್ತಿತ್ತೋ ನಾನು ಗಮನಿಸಿರಲಿಲ್ಲ. “ಅದು ಮದುವೆ ಮನೆ ಸಂಗೀತ, ಅಂಕಲ್” ಎಂದೆ.

ಅವರು ಕಪ್ ಕೆಳಗಿಟ್ಟರು. ಆಮೇಲೆ ಹೇಳಿದ್ದು ಇದು. 1980ರಲ್ಲಿ ಮುಂಬಯಿಯಲ್ಲಿ ಜಾಝ್ ಯಾತ್ರಾ ಉತ್ಸವ. ದೇಶವಿದೇಶದ ದೊಡ್ಡ ದೊಡ್ಡ ಜಾಝ್‌ನವರು ಬರುತ್ತಿದ್ದ ಕೂಟ. ಜಾಝ್ ಯಾತ್ರಾ ಎಂದರೆ ಆಗ ಧೋಬಿ ತಲಾವಿನ ರಂಗ್ ಭವನ ಎಂದೇ ಲೆಕ್ಕ. ಅದರಲ್ಲಿ ಮಂಗಳೂರಿನ ಮೂವತ್ತರ ಹರೆಯದ ಒಬ್ಬ ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ. ಕೇಳುತ್ತಿದ್ದವರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಇದ್ದರು. ಅವರೂ ಆಲ್ಟೋದವರೇ, ಚಾರ್ಲ್ಸ್ ಮಿಂಗಸ್ ಬ್ಯಾಂಡಿನಲ್ಲಿ ನುಡಿಸಿದವರು, ಅಲಿ ಅಕ್ಬರ್ ಖಾನರೊಂದಿಗೆ ರೆಕಾರ್ಡು ಮಾಡಿದವರು. ಅಂಥವರು ಎದ್ದು ಬಂದು, ನಾನೂ ವೇದಿಕೆಗೆ ಬಂದು ನಿಮ್ಮ ಜೊತೆ ನುಡಿಸಬಹುದೇ ಎಂದು ಕೇಳಿದರು.

“ನೀವು ಅಲ್ಲಿ ಇದ್ದಿರಾ?” ಎಂದೆ.

“ಇಲ್ಲ. ವಸಾಯಿಯಲ್ಲಿ ಒಂದು ಮದುವೆ ಇತ್ತು. ನೂರಾ ಐವತ್ತು ರೂಪಾಯಿಗೆ ಮದುವೆಯಲ್ಲಿ ನುಡಿಸಿದೆ. ಹೋದವರು ಬಂದು ಹೇಳಿದರು.” ಸ್ವಲ್ಪ ಹೊತ್ತು ಬಿಟ್ಟು, “ಮದುವೆ ಮನೆ ಸಂಗೀತ ಎಂದರೆ ಏನೂಂತ ನನಗೆ ಗೊತ್ತು, ಚೈಲ್ಡ್” ಎಂದರು.

ಆ ರಾತ್ರಿ ಮನೆಗೆ ಬಂದು ಕದ್ರಿಯವರನ್ನು ಮೊದಲ ಸಲ ಕಿವಿಕೊಟ್ಟು ಕೇಳಿದೆ. ಆಮೇಲೆ ಓದಿದೆ. 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದವರು, ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿದ, ಕೇಳಿದ, ಅಷ್ಟೇ, ಮನಸ್ಸು ಅಲ್ಲಿ ನಿಂತಿತು. ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂನವನು 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ವಾದ್ಯ ಅದು, ಮಿಲಿಟರಿ ಬ್ಯಾಂಡಿನ ವಾದ್ಯ. ಅದರಲ್ಲಿ ತೋಡಿ, ಕಲ್ಯಾಣಿ ನುಡಿಸಬಹುದೆಂದು ಆಗ ಹೇಳಿದ್ದರೆ ವಿದ್ವಾಂಸರು ನಗುತ್ತಿದ್ದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ ಕಲಿಕೆ. ವಾದ್ಯ ಕೈವಶವಾಗಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಕೀಲಿಗಳನ್ನೂ ತಮ್ಮ ಗಮಕಕ್ಕೆ ಬೇಕಾದಂತೆ ಮಾರ್ಪಡಿಸಿಕೊಂಡರು.

ನಾನು ಅವರ ಒಂದು ಕಲ್ಯಾಣಿ ಆಲಾಪನೆಯನ್ನು ನನ್ನ ಹಳೆಯ ಪ್ರೋಗ್ರಾಮಿಗೆ ಹಾಕಿ ನೋಡಿದೆ. ತೆರೆಯ ಮೇಲೆ ಮೆಟ್ಟಿಲೇ ಇಲ್ಲ. ಗಾಂಧಾರ ಎಂದು ನಾವು ಹೆಸರಿಡುವ ಜಾಗದಲ್ಲಿ ನಿಂತ ಗೆರೆ ಸಿಗಲಿಲ್ಲ, ಒಂದು ಅಲೆ ಸಿಕ್ಕಿತು. ಅದನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು ಹೋಗಿ ಅಂಕಲ್‌ಗೆ ತೋರಿಸಿದೆ. ಈ ಸಲ ಅವರು ನಗಲಿಲ್ಲ. “ನಿಮ್ಮವರು ಇದನ್ನು ಕಾಗದದ ಮೇಲೆ ಹೇಗೆ ಬರೆಯುತ್ತಾರೆ?” ಎಂದರು. ಗ ಎಂದು ಒಂದೇ ಅಕ್ಷರ ಬರೆಯುತ್ತಾರೆ ಎಂದೆ. ಉಳಿದದ್ದನ್ನು ಗುರುವಿನ ಎದುರು ಕೂತು ತಿಳಿದುಕೊಳ್ಳಬೇಕು. ಅಂಕಲ್ ಎದ್ದು ಹೋಗಿ ನಮ್ಮ ಹಾಡಿನ ಪುಟ ತಂದು ನನ್ನ ಮುಂದಿಟ್ಟು, ಸಮ ಸಮ ಬರೆದ ಆ ಎರಡು ಸ್ವರಗಳ ಮೇಲೆ ಬೆರಳಿಟ್ಟರು. ಏನೂ ಮಾತಾಡಲಿಲ್ಲ. ನನಗೆ ಸ್ವಿಂಗ್ ಬಂದದ್ದು ಆ ವಾರ.

ಅಲ್ಲಿಂದ ಭಾನುವಾರದ ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ನಾವಿಬ್ಬರೂ ಕದ್ರಿಯವರನ್ನು ಕೇಳುವುದು ರೂಢಿಯಾಯಿತು. ಪಿಟೀಲು ಎ. ಕನ್ಯಾಕುಮಾರಿಯವರದಾದರೆ ಅಂಕಲ್ ಕಣ್ಣು ಮುಚ್ಚಿ ಅವರನ್ನೇ ಹಿಂಬಾಲಿಸುತ್ತಿದ್ದರು. “ಈ ಹೆಂಗಸು ಎರಡನೆಯ ಕುರ್ಚಿಯ ರಾಣಿ” ಎನ್ನುತ್ತಿದ್ದರು. ಕನ್ಯಾಕುಮಾರಿಯವರು ಸ್ವತಃ ಎಂಥ ದೊಡ್ಡ ವಿದುಷಿ ಎಂದು ನಾನು ವಾದಿಸಿದೆ. ಗೊತ್ತು, ಅದಕ್ಕೇ ಹೇಳಿದ್ದು ಎಂದರು.

ಇನ್ನೊಬ್ಬರನ್ನು ನಾನು ಅವರಿಗೆ ಪರಿಚಯಿಸಿದೆ. ರುದ್ರೇಶ್ ಮಹಾಂತಪ್ಪ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೇಳಬಹುದಾದ ಹೆಸರು. ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ. ಜಾಝ್ ಆಲ್ಟೋ ವಾದಕ. ಬಣ್ಣ, ಹೆಸರು ನೋಡಿ ಎಲ್ಲರೂ ಇವನಿಗೆ ಭಾರತೀಯ ಸಂಗೀತ ಗೊತ್ತೇ ಇರುತ್ತದೆ ಎಂದುಕೊಳ್ಳುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಜಾಝ್. ಅಣ್ಣ ತಮಾಷೆಗೆಂದು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ಕದ್ರಿಯವರ ಆಲ್ಬಮ್ ಕೊಟ್ಟರಂತೆ. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ವರ್ಷಗಳ ನಂತರ ಕದ್ರಿಯವರನ್ನೇ ಹುಡುಕಿಕೊಂಡು ಬಂದು, ಅವರ ಜೊತೆ ನುಡಿಸಿ, 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ತಂದರು. ಕನ್ಯಾಕುಮಾರಿಯವರೂ ಅದರಲ್ಲಿದ್ದಾರೆ. ನೆಂಟರು ಎಂದು ಹೆಸರು! ಡೊಂಬಿವಲಿಯಲ್ಲಿ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, ಕನ್ನಡ ಸಂಘಕ್ಕೆ ಬಂದರೆ “ನಿನಗೆ ದೇವರನಾಮ ಬರುತ್ತದಲ್ಲ?” ಎಂದು ಕೇಳಿಸಿಕೊಂಡ ನನಗೆ ಅವರ ಪರಿಸ್ಥಿತಿ ಅರ್ಥವಾಗಲು ಎರಡು ನಿಮಿಷ ಬೇಕಾಗಲಿಲ್ಲ. ಅಂಕಲ್ ಅದನ್ನು ಎರಡು ಸಲ ಕೇಳಿ, “ಇಬ್ಬರೂ ಜಗಳ ಆಡುತ್ತಿಲ್ಲ, ಒಬ್ಬರಿಗೊಬ್ಬರು ಜಾಗ ಬಿಡುತ್ತಿದ್ದಾರೆ” ಎಂದರು.

2018ರ ಬೇಸಿಗೆಯಲ್ಲಿ ನಾನೇ ಮಾತು ಕೊಟ್ಟೆ. ಡಿಸೆಂಬರ್ ಸೀಸನ್ನಿಗೆ ಅಂಕಲ್ ಅನ್ನು ಚೆನ್ನೈಗೆ ಕರೆದುಕೊಂಡು ಹೋಗಿ ಕದ್ರಿಯವರ ಎದುರು ಕೂರಿಸುವುದು. ಅವರ ಮಗಳೂ ಒಪ್ಪಿದಳು. ಅಂಕಲ್ ಹೊಸ ಶೂ ತಂದರು. ನವೆಂಬರಿನಲ್ಲಿ ನಮ್ಮ ಪ್ರಾಜೆಕ್ಟಿನ ವರ್ಷಾಂತ್ಯದ ರಿಲೀಸ್ ಮುಂದೆ ಹೋಯಿತು, ಡಿಸೆಂಬರ್ ಪೂರ್ತಿ ರಜೆ ಇಲ್ಲ ಎಂದರು. ಒತ್ತಾಯ ಮಾಡಿ ನಾಲ್ಕು ದಿನ ಕೇಳಬಹುದಿತ್ತು. ಅದೇ ವರ್ಷ ನಾನು ಟೀಮ್ ಲೀಡ್ ಆಗಿದ್ದೆ, ಕೇಳಲಿಲ್ಲ. “ಮುಂದಿನ ವರ್ಷ ಖಂಡಿತ, ಅಂಕಲ್” ಎಂದೆ. ಅವರು, “ಮ್ಯಾರೇಜ್ ಗಿಗ್?” ಎಂದು ನಕ್ಕರು.

2019ರ ಅಕ್ಟೋಬರ್ 11. ಐರೋಳಿಯ ಆಫೀಸಿಗೆ ಹೋಗಲು ಠಾಣೆಯಲ್ಲಿ ಗಾಡಿ ಬದಲಿಸುತ್ತಿದ್ದೆ. ಹತ್ತನೇ ಪ್ಲಾಟ್‌ಫಾರ್ಮಿನ ಸೇತುವೆಯ ಮೇಲೆ ನೂಕುನುಗ್ಗಲು. ಅಂಕಲ್ ಫೋನ್. ಅವರು ವಾರದ ದಿನ ಫೋನ್ ಮಾಡುವವರೇ ಅಲ್ಲ. “ನಿನ್ನವರು ಹೋದರು, ಚೈಲ್ಡ್. ಮಂಗಳೂರಿನಲ್ಲಿ” ಎಂದರು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹಿಂದಿನವರು “ಚಲಾ ಚಲಾ” ಎಂದು ತಳ್ಳುತ್ತಿದ್ದರು. ನಾನು “ಸಾರಿ ಅಂಕಲ್” ಎಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ಮುಂದೆಂದೂ ಆ ಮಾತು ತೆಗೆಯಲಿಲ್ಲ. ಆ ಭಾನುವಾರ ಅಭ್ಯಾಸ ಮಾಡಲಿಲ್ಲ. ಹದಿನಾರು ಜನ ಕೂತು ಕಲ್ಯಾಣಿ ಕೇಳಿದೆವು. ಹಲ್ಲಿನ ಡಾಕ್ಟರ್ ಹಿಂದೆಂದೂ ಕರ್ನಾಟಕ ಸಂಗೀತ ಕೇಳಿರದವರು, ಮುಗಿದ ಮೇಲೆ ಇನ್ನೊಮ್ಮೆ ಹಾಕಿ ಎಂದರು.

ಆಮೇಲೆ ಕೊರೊನಾ. ಊದುವ ವಾದ್ಯಗಳು ಮೊದಲು ನಿಂತವು, ಕೊನೆಗೆ ಶುರುವಾದವು. 2021ರ ಏಪ್ರಿಲ್‌ನಲ್ಲಿ ಅಂಕಲ್ ಹೋದರು. ಮಣ್ಣಿಗೆ ನಾವು ಯಾರೂ ಹೋಗಲಾಗಲಿಲ್ಲ.

ಮರುವರ್ಷ ಅವರ ನೆನಪಿಗೆ ಒಂದು ಸಂಜೆ ನುಡಿಸಿದೆವು. ಮೊದಲ ಕುರ್ಚಿಗೆ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಒಲ್ಲೆ ಎಂದೆ. ಅವರ ಮಗಳು ಸ್ವರದ ಪುಟಗಳ ಕಟ್ಟು ತಂದುಕೊಟ್ಟಳು. ಮೊದಲ ಆಲ್ಟೋ ಪುಟಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. 2016ಕ್ಕೆ ಹಿಂದಿನ ಗುರುತುಗಳನ್ನು ಅಳಿಸಿ ಹೊಸದಾಗಿ ಹಾಕಿದ್ದು ಕಾಣುತ್ತಿತ್ತು. ಎಲ್ಲವೂ ಮೊದಲಿಗಿಂತ ಹತ್ತಿರ ಹತ್ತಿರ. ನನ್ನ ಉಸಿರು ಗಿಡ್ಡ. ಐದು ವರ್ಷ ನಾನು ಅವರ ಉಸಿರಿಗೆ ಸೇರಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಆ ಕುರ್ಚಿಯಲ್ಲಿ ಕೂತೆ. ನಿಧಾನದ ಒಂದು ಹಾಡಿನಲ್ಲಿ ಮೊದಲ ಆಲ್ಟೋಗೆ ಎಂಟು ಆವರ್ತದ ಖಾಲಿ ಜಾಗ ಇದೆ, ಅಂಕಲ್ ಪ್ರತಿಸಲ ಬೇರೆ ಬೇರೆ ನುಡಿಸುತ್ತಿದ್ದ ಜಾಗ. ಅಲ್ಲಿ ನಾನು ಗಾಂಧಾರವನ್ನು ಒಂದಿಷ್ಟು ಅಲೆಯಾಗಿ ಎಳೆದೆ, ಕದ್ರಿಯವರನ್ನು ನೆನೆದು. ಮೂರನೆಯ ಆವರ್ತದಲ್ಲಿ ದಾರಿ ತಪ್ಪಿತು, ಡ್ರಮ್ಮಿನವರು ಕೈಹಿಡಿದು ವಾಪಸ್ ತಂದರು. ಅಮ್ಮ ಮುಂದಿನ ಸಾಲಿನಲ್ಲಿದ್ದರು. ಮನೆಗೆ ಬರುವಾಗ ರಿಕ್ಷಾದಲ್ಲಿ ಹೇಳಿದರು: “ಮಧ್ಯೆ ಒಂದು ಕಡೆ ಕಲ್ಯಾಣಿಯ ಹಾಗೆ ಕೇಳಿತು. ಉಳಿದದ್ದು ಎಂತದ್ದೂಂತ ಗೊತ್ತಾಗಲಿಲ್ಲ. ಆದರೆ ಆ ಅಂಕಲ್ ಇದ್ದಿದ್ದರೆ ನೀನು ತಪ್ಪುತ್ತಿರಲಿಲ್ಲ.” ಹೌದು, ತಪ್ಪುತ್ತಿರಲಿಲ್ಲ.

ಅಮ್ಮ ಈಗ ಸ್ಯಾಕ್ಸೋಫೋನ್ ಸಹೋದರಿಯರಾದ ಎಂ.ಎಸ್. ಲಾವಣ್ಯ, ಎಂ.ಎಸ್. ಸುಬ್ಬಲಕ್ಷ್ಮಿ ಅವರ ವಿಡಿಯೋಗಳನ್ನು ನನಗೇ ಕಳಿಸುತ್ತಾರೆ. ಲಾವಣ್ಯ ಕದ್ರಿಯವರ ಶಿಷ್ಯೆ. “ನೋಡು, ಸೀರೆ ಉಟ್ಟು ಎಷ್ಟು ಲಕ್ಷಣವಾಗಿ ಕೂತಿದ್ದಾರೆ” ಎಂದು ಕೆಳಗೊಂದು ಸಾಲು. ಹಾಗಾಗಿ ಇವತ್ತು ನಾನೂ ಸೀರೆಯಲ್ಲಿ ಬಂದಿದ್ದೇನೆ. ವಾದ್ಯದ ಪಟ್ಟಿ ಕುತ್ತಿಗೆಗೆ ಹಾಕಿದರೆ ಸೆರಗು ನಿಲ್ಲುವುದಿಲ್ಲ, ಎರಡು ಪಿನ್ ಹೆಚ್ಚಿಗೆ ಬೇಕು. ಕಲಿಯುವವರು ನೆನಪಿಟ್ಟುಕೊಳ್ಳಿ.

ಅಭ್ಯಾಸ ಈಗಲೂ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಠಾಣೆಯಲ್ಲಿ. ನಾನು ಮೊದಲ ಕುರ್ಚಿಗೆ ಬಂದ ಮೇಲೆ ಎರಡನೆಯದು ಖಾಲಿ ಬಿದ್ದಿದೆ. ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಹೆಣ್ಣುಮಕ್ಕಳಿಗಾದರೂ ಆಸೆ ಇದ್ದರೆ ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕಾಣಿ. ಸ್ವರ ಓದಲು ಬರದಿದ್ದರೂ ಪರವಾಗಿಲ್ಲ.

ಈಗ ನಾಲ್ಕು ನಿಮಿಷ ನುಡಿಸುತ್ತೇನೆ. ಎಂಟು ಆವರ್ತದ ಆ ಜಾಗ ಬಂದಾಗ ಕೈ ಎತ್ತಿ ಸನ್ನೆ ಮಾಡುತ್ತೇನೆ.